ಕ್ಲೆಟಸ್ ತಾತನ ಹೆಬ್ಬೆಟ್ಟು

ಬೂಟು ಬಿಚ್ಚಿಕೊಡೋ ಎಂದು ಕ್ಲೆಟಸ್ ತಾತ ಬಲಗಾಲು ಚಾಚಿದ. ಮೊಮ್ಮಗ ಡರೆಲ್ ಹಿಮ್ಮಡಿ ಹಿಡಿದು ಎಳೆದ. ಬೂಟಿನ ಹಿಂದೆ ಕಾಲುಚೀಲ ಬಂತು, ಕಾಲುಚೀಲದ ಹಿಂದೆ ವಾಸನೆ ಬಂತು. ಬೂಟಿನೊಳಗೆ ಕೈ ಹಾಕಿದವನು ಚಟಕ್ಕನೆ ಹಿಂದಕ್ಕೆಳೆದುಕೊಂಡ. ಅಟ್ಟೆ ತೂರಿಕೊಂಡು ಎರಡಂಗುಲದ ಜಾಲಿಮುಳ್ಳು ಒಳಗೆ ನೆಟ್ಟಗೆ ನಿಂತಿತ್ತು.

“ತಾತ, ಇದ್ಯಾವಾಗ ಹೊಕ್ಕಿದ್ದು?”

“ಯಾವ್ದು?”

“ಮುಳ್ಳು! ನಿನ್ ಹೆಬ್ಬೆಟ್ಟು ನೋಡ್ಕೊ, ಕೊಳೆತ ಟೊಮ್ಯಾಟೊ ಆಗಿದೆ!”

ತಾತ ಬಗ್ಗಿ, ಬೇರೆ ಯಾರದೋ ಕಾಲು ನೋಡುವವನಂತೆ ನೋಡಿದ. “ನಂಗೇನೂ ಗೊತ್ತಾಗ್ಲಿಲ್ವಲ್ಲೋ.”

ತಾತ ಮೊಮ್ಮಗ ಇಬ್ಬರೂ ಸೌದೆ ಕಡಿಯಲು ಹಳ್ಳದ ಕಡೆ ಹೋಗಿ ಬಂದು ಆರು ದಿನವಾಗಿತ್ತು. ಆರು ದಿನ ಮುಳ್ಳಿನ ಮೇಲೆ ನಡೆದಾಡಿದ್ದ ಮನುಷ್ಯ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ ಅವನ ಪಾದದೊಳಗಿನ ಜೀವವನ್ನು ಎಂದೋ ತಿಂದು ಮುಗಿಸಿತ್ತು. ನೋವು ಬಂದು ಬಾಗಿಲು ತಟ್ಟಿದರೂ ತೆಗೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಆಸ್ಪತ್ರೆ ನಲವತ್ತು ಮೈಲಿ. ಡಾಕ್ಟರು ಗಾಯ ತೊಳೆದು, ಕೊಳೆತದ್ದನ್ನು ಕೆರೆದು ತೆಗೆದು, ಮಂಡಿಯವರೆಗೆ ಬರುವ ಪ್ಲಾಸ್ಟಿಕ್ ಬೂಟು ಹಾಕಿಸಿದರು. ಟೂಸಾನ್ ನಗರದಿಂದ ಬರುವ ಸಣ್ಣ ವಯಸ್ಸಿನ ಹೆಂಗಸು. ಸುತ್ತಿ ಬಳಸಿ ಮಾತಾಡುವವಳಲ್ಲ.

“ಮೂಳೆಗಿನ್ನೂ ಇಳಿದಿಲ್ಲ, ಅದೊಂದು ಪುಣ್ಯ. ಆದ್ರೆ ರಕ್ತದಲ್ಲಿ ಸಕ್ಕರೆ ಮುನ್ನೂರಿಪ್ಪತ್ತು ಇಟ್ಕೊಂಡು ಯಾವ ಗಾಯಾನೂ ಮಾಯೋಲ್ಲ. ಮಾತ್ರೆ ಹೆಚ್ಚು ಮಾಡಿದ್ದೀನಿ. ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಮಿಕ್ಕರ್ಧ ನಿಮ್ಮ ಅಡುಗೆಮನೆದು. ಬೆಳಗಿನ ಸಕ್ಕರೆ ನೂರೈವತ್ತರ ಒಳಗೆ ಬರ್ಬೇಕು. ಎಂಟು ವಾರ ನೋಡ್ತೀನಿ. ಇಲ್ಲಾಂದ್ರೆ ಬೆರಳು ತೆಗೀಬೇಕಾಗುತ್ತೆ.”

“ನಡೀಬಹುದಾ?” ಎಂದು ಲಾರಿಟಾ ಅಜ್ಜಿ ಕೇಳಿದಳು.

“ಬಚ್ಚಲಿಗೆ ಹೋಗಿ ಬರೋಕೆ ಮಾತ್ರ.”

ವಾಪಸು ಬರುವಾಗ ಪಿಕಪ್ ಗಾಡಿ ಊರಿನ ತಿರುವು ಮುಟ್ಟಿದಾಗ ತಾತ ಒಂದೇ ಮಾತು ಹೇಳಿದ: “ಆಮೋಸ್‌ಗೂ ಎಂಟೇ ವಾರ ಕೊಟ್ಟಿದ್ರು.”

ಆಮೋಸ್ ಎಂದರೆ ತಾತನ ತಮ್ಮ. ಮೊದಲು ಒಂದು ಬೆರಳು ಹೋಯಿತು. ಆಮೇಲೆ ಪಾದ, ಆಮೇಲೆ ಮಂಡಿ. ಆಮೇಲೆ ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರ. ಆಮೇಲೆ ಚರ್ಚಿನ ಹಿಂದಿನ ಮಣ್ಣು, ಅದರ ಮೇಲೆ ಕಾಗದದ ಹೂವು. ಈ ಮರುಭೂಮಿಯ ಮೂಲನಿವಾಸಿ ಓಧಮ್ ಜನರ ಹಳ್ಳಿಗಳಲ್ಲಿ ಈ ಮೆಟ್ಟಿಲು ಎಣಿಸಲು ಬಾರದ ಮಗುವಿಲ್ಲ. ಮೊದಲ ಮೆಟ್ಟಿಲು ಇಳಿದವರು ಹತ್ತಿ ಬಂದದ್ದನ್ನು ಡರೆಲ್ ತನ್ನ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಅವನ ಅಮ್ಮ, ತಾತನ ಮಗಳು ಮೋನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಇನ್ನೂರು ಮಕ್ಕಳಿಗೆ ಬಡಿಸುವವಳು. ಗದರಿಸದೆ ಮಾತಾಡುವುದು ಅವಳಿಗೆ ಮರೆತೇಹೋಗಿತ್ತು. ಅಂದು ಸಂಜೆ ಬಂದವಳೇ ಏಪ್ರನ್ನೂ ಬಿಚ್ಚದೆ ಗೂಡುಗಳನ್ನೆಲ್ಲ ತೆರೆದು ಸಾಮಾನು ಹೊರಗೆ ಎತ್ತಿ ಹಾಕತೊಡಗಿದಳು. ಮೈದಾ, ಹಂದಿಕೊಬ್ಬು, ಸಕ್ಕರೆ ನೀರಿನಲ್ಲಿ ಮುಳುಗಿದ ಡಬ್ಬಿ ಹಣ್ಣು, ಎರಡು ಪೆಟ್ಟಿಗೆ ಸೋಡಾ.

“ಇವತ್ತಿಂದ ಈ ಮನೇಲಿ ಬಿಳೀದು ಅನ್ನೋದು ಒಂದೂ ಇರ್ಕೂಡದು.”

“ಬಿಳಿಯರು ಬಂದು ಇನ್ನೂರು ವರ್ಷ ಆಯ್ತು, ತಡವಾಗಿ ಹೇಳ್ತಿದ್ದೀಯಮ್ಮ,” ಎಂದ ಡರೆಲ್.

ತಾತ ನಕ್ಕ. ಅಜ್ಜಿಯೂ ನಕ್ಕಳು. ಮೋನಾ ನಗಲಿಲ್ಲ.

“ನಗಿ. ಆಮೋಸ್ ಚಿಕ್ಕಪ್ಪನೂ ನಗ್ತಾನೇ ಇದ್ದ.”

ಡರೆಲ್‌ಗೆ ಒಳಗೊಳಗೇ ಕುದಿಯಿತು. ಅಮ್ಮನ ಮೇಲಲ್ಲ. ತಿಂಗಳಿಗೊಮ್ಮೆ ಲಾರಿಯಲ್ಲಿ ಬರುವ ಸರ್ಕಾರಿ ಪೆಟ್ಟಿಗೆಯ ಮೇಲೆ. ಮೂರು ತಲೆಮಾರಿಗೆ ಮೈದಾ, ಕೊಬ್ಬು, ಚೀಸು ಹಂಚಿ ಬೆಳೆಸಿದವರೇ ಈಗ ಗೋಡೆಯ ಮೇಲೆ ತಟ್ಟೆಯ ಚಿತ್ರ ಅಂಟಿಸಿ, ಅಯ್ಯೋ ಹೀಗೆಲ್ಲ ತಿನ್ನಬಾರದು ಎನ್ನುತ್ತಾರೆ. ಕಚ್ಚಿದ ನಾಯಿಯೇ ಬಂದು ಬ್ಯಾಂಡೇಜು ಮಾರಿದ ಹಾಗೆ! ಕರಿದ ರೊಟ್ಟಿ ಓಧಮ್ ಜನರ ಊಟವಂತೆ. ಕೈಗೆ ಮೈದಾ ಕೊಬ್ಬು ಬಿಟ್ಟು ಬೇರೇನೂ ಕೊಡದಿದ್ದರೆ ದೇವರೂ ಕರಿದ ರೊಟ್ಟಿಯನ್ನೇ ಮಾಡುತ್ತಿದ್ದ.

ಆದರೂ ಆಸ್ಪತ್ರೆಯ ಗೋಡೆಯ ಮೇಲಿನ ಒಂದು ಚಿತ್ರ ಅಜ್ಜಿಗೆ ಹಿಡಿಸಿತ್ತು. “ನಮ್ಮ ಹಳೆಯ ಊಟವೇ ನಮ್ಮ ಔಷಧಿ” ಎಂದು ದೊಡ್ಡ ಅಕ್ಷರ. ಕೆಳಗೆ ಮರುಭೂಮಿಯಲ್ಲೇ ಬೆಳೆಯುವ ಬವಿ ಎಂಬ ಕಾಳು, ಮುಳ್ಳು ಸವರಿದ ಕಳ್ಳಿಮೊಗ್ಗು, ಬೆಟ್ಟದ ಕಂಬಗಳ್ಳಿಯ ಕೆಂಪು ಹಣ್ಣು. ಅಜ್ಜಿ ಅದರ ಮುಂದೆ ನಿಂತು, “ನಮ್ಮಮ್ಮ ತಿನ್ನಿಸಿದ್ದೆಲ್ಲ ಗೋಡೆ ಹತ್ತಿಬಿಟ್ಟಿದೆ ನೋಡು,” ಎಂದು ಹೆಮ್ಮೆಪಟ್ಟಿದ್ದಳು. ಮೋನಾ ಖಾಲಿ ಮಾಡಿದ ಗೂಡುಗಳನ್ನು ತುಂಬಿಸಿದವಳು ಅವಳೇ. ಬೆಳಿಗ್ಗೆ ಬವಿ ಕಾಳು, ಜೊತೆಗೊಂದು ಮೊಟ್ಟೆ. ಮಧ್ಯಾಹ್ನ ಕಳ್ಳಿಮೊಗ್ಗು, ಕುಂಬಳಕಾಯಿ, ಒಂದು ಚೂರು ಮಾಂಸ. ರಾತ್ರಿ ಮತ್ತೆ ಕಾಳು. ಕುಡಿಯಲು ಸೋಡಾದ ಬದಲು ಅವಳೇ ಕಲಸಿಕೊಡುವ ಕಳ್ಳಿಹಣ್ಣಿನ ಕೆಂಪು ನೀರು.

ಎರಡನೆಯ ವಾರಕ್ಕೆ ಡರೆಲ್ ಗೋಳಿಟ್ಟ. “ಅಜ್ಜಿ, ಕಾಳು ತಿಂದು ತಿಂದು ಹೊಟ್ಟೆಯೊಳಗೆ ಬ್ಯಾಂಡು ಬಾರಿಸ್ತಿದೆ.”

“ಬಾರಿಸ್ಲಿ. ನಿಮ್ಮ ತಾತನ ಬೆರಳು ಕುಣಿಯೋಕಾದ್ರೂ ಉಳಿಯುತ್ತೆ.”

ಪ್ರತಿ ಬೆಳಿಗ್ಗೆ ಏಳಕ್ಕೆ ತಾತ ಬೆರಳು ಚುಚ್ಚಿ ಪುಟ್ಟ ಯಂತ್ರಕ್ಕೆ ರಕ್ತ ತೋರಿಸುತ್ತಿದ್ದ. ಮನೆಯವರೆಲ್ಲ ಸುತ್ತ ನಿಲ್ಲುತ್ತಿದ್ದರು. ಮೊದಲ ವಾರ ಮುನ್ನೂರಾ ಐದು. ಎರಡನೆಯ ವಾರ ಇನ್ನೂರ ತೊಂಬತ್ತು. ಮೂರನೆಯ ವಾರ ಮುನ್ನೂರಾ ಎಂಟು. ಬಟ್ಟೆ ಬಿಚ್ಚಿದರೆ ಗಾಯ ಹಾಗೇ ಬಾಯಿ ಕಳೆದುಕೊಂಡಿರುತ್ತಿತ್ತು.

ನಾಲ್ಕನೆಯ ವಾರ ಊರ ಚರ್ಚಿನ ಹಬ್ಬ. ಮೂರು ದಿನದಿಂದ ಹೆಂಗಸರು ದೊಡ್ಡ ಅಡುಗೆಮನೆಯಲ್ಲಿ ಬೆಂಕಿಯ ಮುಂದೆ ಬೇಯುತ್ತಿದ್ದರು. ಹಬ್ಬದ ಮೇಜಿಗೆ ಕರೆದ ಮೇಲೆ ಕೂರಬೇಕು, ಕೂತ ಮೇಲೆ ತಿನ್ನಬೇಕು. ಬೇಡ ಎಂದರೆ ಅಟ್ಟವಳ ಮುಖಕ್ಕೆ ಹೊಡೆದ ಹಾಗೆ. ತಾತ ಪ್ಲಾಸ್ಟಿಕ್ ಬೂಟು ಎಳೆದುಕೊಂಡು ಹೋಗಿ ಕೂತ. ಅತ್ತಿಗೆ ಎಲ್ವೀರಾ ಕರಿದ ರೊಟ್ಟಿಯ ತಟ್ಟೆ ಅವನ ಮೂಗಿನ ಕೆಳಗೇ ತಂದಿಟ್ಟಳು.

“ಬೇಡ ಅತ್ತಿಗೆ. ಕಾಳು ಸಾಕು.”

“ಓಹೋ, ಮೋನಾ ಹೆದರಿಸಿ ಕಳ್ಸಿದ್ದಾಳಾ? ನಾನೇನು ಇದಕ್ಕೆ ವಿಷ ಹಾಕಿದ್ದೀನಾ ಕ್ಲೆಟಸ್?”

“ವಿಷ ಆದ್ರೆ ಒಂದೇ ಸಲಕ್ಕೆ ಮುಗಿಯುತ್ತೆ ಅತ್ತಿಗೆ. ಇದು ಕಂತಿನ ಮೇಲೆ.”

ಎಲ್ವೀರಾ ಮುಖ ತಿರುವಿಕೊಂಡು ಹೋದಳು. ತಾತ ಕಾಳು ತಿಂದ, ಒಂದು ತುಂಡು ಮಾಂಸ ತಿಂದ, ಮಿಕ್ಕಿದ್ದನ್ನು ಕಾಗದದಲ್ಲಿ ಕಟ್ಟಿ ಪಕ್ಕದವನ ಮಕ್ಕಳಿಗೆ ಕೊಟ್ಟ. ಊರೆಲ್ಲ ನೋಡಿತು. ಮನೆಗೆ ಬಂದಾಗ ಅವನ ಬಾಯಿ ಒಣಗಿತ್ತು. ಅಜ್ಜಿ ಲೋಟ ತುಂಬ ಕೆಂಪು ನೀರು ಕೊಟ್ಟು ಬೆನ್ನು ಸವರಿದಳು.

ಮರುದಿನ ಬೆಳಿಗ್ಗೆ ಮುನ್ನೂರ ಹನ್ನೆರಡು.

ಮೋನಾ ಯಂತ್ರವನ್ನು ಎರಡು ಸಲ ಅಲ್ಲಾಡಿಸಿ ನೋಡಿದಳು. ಹೊರಗೆ ಹೋದಳು. ಪಿಕಪ್ ಗಾಡಿಯ ಬಾಗಿಲು ದಢಾರೆಂದಿತು. ಒಳಗೆ ಬಂದಾಗ ಅವಳ ಎರಡು ಕೈಯಲ್ಲೂ ಒಂದೊಂದು ಖಾಲಿ ಸೋಡಾ ಡಬ್ಬಿ.

“ಡರೆಲ್, ಇದೇನೋ ಇದು?”

“ಸೋಡಾ. ನಾನು ಕುಡಿದಿದ್ದು. ಸೌದೆ ಹಾಕೋಕೆ ಹೋಗಿದ್ದಾಗ.”

“ಎರಡು ಡಬ್ಬಿ ಒಬ್ನೇ ಕುಡಿದ್ಯಾ? ಪಕ್ಕದಲ್ಲಿ ಕೂತವರು ಯಾರಿದ್ರು?”

“ಯಾರೂ ಇರ್ಲಿಲ್ಲಮ್ಮ!”

“ಸುಳ್ಳು ಹೇಳ್ಬೇಡ. ಕಾಳು ತಿಂದು ಯಾರಿಗಾದ್ರೂ ಮುನ್ನೂರು ಬರುತ್ತಾ? ನಾನು ಸತ್ತು ಸುಣ್ಣ ಆಗ್ತಿದ್ದೀನಿ, ನೀನು ಹಿಂದಿನ ಬಾಗಿಲಿಂದ ತಂದು ಸುರೀತಿದ್ದೀಯ. ಓದು ಬಿಟ್ಟೆ, ಸುಮ್ನಿದ್ದೆ. ಕೆಲಸ ಬಿಟ್ಟೆ, ಸುಮ್ನಿದ್ದೆ. ಈಗ ನಮ್ಮಪ್ಪನ ಕಾಲೂ ಬಿಡಿಸ್ತೀಯಾ?”

ಡರೆಲ್‌ನ ಕಿವಿಯವರೆಗೆ ರಕ್ತ ಏರಿತು. “ಹೂಂ, ನಾನೇ! ಈ ಮನೇಲಿ ಹಾಲು ಉಕ್ಕಿದ್ರೂ ನಾನೇ, ಮಳೆ ಬರ್ದಿದ್ರೂ ನಾನೇ!”

“ಮೋನಾ,” ಎಂದು ತಾತ ಕೂತಲ್ಲಿಂದ ಹೇಳಿದ. “ನಾನು ಒಂದು ಗುಟುಕು ಸೋಡಾ ಕುಡಿದಿಲ್ಲ. ನಾಲ್ಕು ವಾರ ಆಯ್ತು.”

“ಆಮೋಸ್ ಚಿಕ್ಕಪ್ಪನೂ ಹೀಗೇ ಅಂತಿದ್ದ. ಹಾಸಿಗೆ ಕೆಳಗೆ ಹನ್ನೆರಡು ಡಬ್ಬಿ ಸಿಕ್ಕಿದ್ವು.”

ತಾತ ಎದುರಿಗಿದ್ದ ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದ. ಮಧ್ಯಾಹ್ನವೂ ತಳ್ಳಿದ. ಸಂಜೆ ಅಜ್ಜಿ ಗೋಗರೆದ ಮೇಲೆ ಎರಡು ಚಮಚ ತಿಂದು ಗೋಡೆಯ ಕಡೆ ತಿರುಗಿದ. ಅರವತ್ತೇಳು ವರ್ಷ ದನ ಮೇಯಿಸಿ, ರಸ್ತೆ ಕಡಿದು, ಯಾರಿಗೂ ಒಂದು ಸುಳ್ಳು ಹೇಳದೆ ಬದುಕಿದವನು ತನ್ನ ಮನೆಯಲ್ಲೇ ಕಳ್ಳನಾಗಿದ್ದ.

ಇದು ಡರೆಲ್‌ಗೆ ತಡೆಯಲಾಗಲಿಲ್ಲ. ತನ್ನನ್ನು ಬೈದದ್ದು ಹಾಳಾಗಿ ಹೋಗಲಿ; ಬೈಗುಳ ಅವನಿಗೆ ಸೌದೆಯಷ್ಟೇ ರೂಢಿ. ತಾತನನ್ನು ಕಳ್ಳ ಎಂದದ್ದು ಹೇಗೆ? ಮರುದಿನ ಅವನು ಸೌದೆಗೆ ಹೋಗಲಿಲ್ಲ. ಅಮ್ಮ ಶಾಲೆಗೆ ಹೊರಟದ್ದೇ ತಡ, ಸಕ್ಕರೆ ನೋಡುವ ಯಂತ್ರ, ಒಂದು ಪುಸ್ತಕ, ಪೆನ್ಸಿಲ್ಲು ಹಿಡಿದು ಚಪ್ಪರದಡಿ ತಾತನ ಎದುರಿಗೆ ಕುರ್ಚಿ ಹಾಕಿ ಕೂತ.

“ಏನೋ ಇದು, ಪೊಲೀಸ್ ಠಾಣೆನಾ?”

“ಹೂಂ. ಇವತ್ತು ನೀನು ಏನು ತಿಂತೀಯ, ಏನು ಕುಡೀತೀಯ, ಎಲ್ಲ ಬರೀತೀನಿ. ಆಗಾಗ ಚುಚ್ತೀನಿ.”

“ನನ್ನ ಬೆರಳೇನು ಜರಡೀನಾ?”

“ಕೊಡು ತಾತ. ನೀನು ಸುಳ್ಳ ಅಲ್ಲ ಅಂತ ನಂಗೊಬ್ಬನಿಗೆ ಗೊತ್ತು. ಉಳಿದವರಿಗೆ ಲೆಕ್ಕ ಬೇಕು.”

ತಾತ ಬೆರಳು ಕೊಟ್ಟ.

ಏಳೂವರೆಗೆ ಇನ್ನೂರ ಅರವತ್ತೆಂಟು. ಕಾಳು, ಮೊಟ್ಟೆ, ಮಾತ್ರೆ. ಒಂಬತ್ತೂವರೆಗೆ ಇನ್ನೂರ ನಲವತ್ತೊಂದು. ಡರೆಲ್ ಕುರ್ಚಿಯಿಂದ ಎದ್ದೇಬಿಟ್ಟ. ತಿಂಡಿ ತಿಂದ ಮೇಲೆ ಇಳಿದಿದೆ! ಹಾಗಾದರೆ ಕಾಳಿನ ತಪ್ಪಲ್ಲ, ಮಾತ್ರೆಯ ತಪ್ಪಲ್ಲ. ಹತ್ತಕ್ಕೆ ಅಜ್ಜಿ ಬಂದು ತಾತನಿಗೊಂದು ಲೋಟ, ಮೊಮ್ಮಗನಿಗೊಂದು ಲೋಟ ಕೆಂಪು ನೀರು ಕೊಟ್ಟು, “ಗಂಡಸರು ಇಬ್ರೂ ಸೋಮಾರಿಗಳಾದ್ರಿ,” ಎಂದು ಗೊಣಗಿಕೊಂಡು ಒಳಗೆ ಹೋದಳು. ತಾತ ಗಟಗಟ ಕುಡಿದ. ಡರೆಲ್ ಅದನ್ನೂ ಬರೆದುಕೊಂಡ. ಬರೆಯುವಾಗ ಏನೂ ಹೊಳೆಯಲಿಲ್ಲ. ಹನ್ನೊಂದಕ್ಕೆ ಚುಚ್ಚಿದ.

ಮುನ್ನೂರ ನಲವತ್ತೇಳು.

ತಪ್ಪಿರಬೇಕೆಂದು ಇನ್ನೊಂದು ಬೆರಳು ಚುಚ್ಚಿದ. ಮುನ್ನೂರ ನಲವತ್ತನಾಲ್ಕು. ಪುಸ್ತಕದಲ್ಲಿ ಎರಡು ಸಂಖ್ಯೆಗಳ ನಡುವೆ ಒಂದೇ ಒಂದು ಸಾಲಿತ್ತು. ಕೈಯಲ್ಲಿದ್ದ ತನ್ನ ಲೋಟವನ್ನು ನೋಡಿದ. ತಳದಲ್ಲಿ ಉಳಿದ ಹನಿ ಬೆರಳಿಗೆ ಅಂಟಿತು.

“ತಾತ, ದಿನಕ್ಕೆ ಇದು ಎಷ್ಟು ಲೋಟ?”

“ಮೂರು. ಬೆಳಿಗ್ಗೆ, ಮಧ್ಯಾಹ್ನ, ಮಲಗೋ ಮುಂಚೆ. ನಮ್ಮ ಬೆಟ್ಟದ ಹಣ್ಣು ಕಣೋ. ಇದರಲ್ಲೆಲ್ಲಿ ಸಕ್ಕರೆ? ಅಂಗಡೀದಾ ಇದು?”

ಇಡೀ ಮನೆಯೇ ಹಾಗೆಂದುಕೊಂಡಿತ್ತು. ಡರೆಲ್ ಕೂಡ. ಸಕ್ಕರೆ ಎಂದರೆ ಬಿಳಿ, ಸಕ್ಕರೆ ಎಂದರೆ ಲಾರಿಯಲ್ಲಿ ಬಂದದ್ದು, ಡಬ್ಬಿಯಲ್ಲಿ ಬಂದದ್ದು. ಬೇಸಗೆಯಲ್ಲಿ ಅಜ್ಜಿ ದೋಟಿ ಹಿಡಿದು ಕಂಬಗಳ್ಳಿಯ ತುದಿಯಿಂದ ಕಿತ್ತು, ಮೊದಲ ಹಣ್ಣಿನ ತಿರುಳು ನೆಲಕ್ಕಿಟ್ಟು ಮಳೆ ಬೇಡಿ, ಕುದಿಸಿ ಕುದಿಸಿ ಇಳಿಸಿದ ಪಾಕದಲ್ಲಿ ಕೇಡು ಇರುವುದುಂಟೆ?

“ತಾತ, ನಾಳೆ ಒಂದು ದಿನ ಇದನ್ನ ಕುಡೀಬೇಡ.”

“ನಿಮ್ಮಜ್ಜಿ ನೊಂದ್ಕೋತಾಳೆ.”

“ಅವಳಿಗೆ ಗೊತ್ತಾಗೋದು ಬೇಡ. ಚಪ್ಪರದ ಹಿಂದೆ ಚೆಲ್ಲು.”

ಮರುದಿನ ತಾತ ಚೆಲ್ಲಿದ. ಹನ್ನೊಂದಕ್ಕೆ ನೂರ ತೊಂಬತ್ತೆಂಟು ಬಂತು. ಇಬ್ಬರೂ ಯಂತ್ರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡರೆಲ್ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡ. ಹೇಳದಿದ್ದರೆ ಬೆರಳು ಹೋಗುತ್ತದೆ. ಹೇಳಿದರೆ? ಹಳ್ಳಿಯಲ್ಲಿ ಪಾಕ ಕುದಿಸಲು ಬಲ್ಲವರು ಉಳಿದಿರುವುದೇ ನಾಲ್ಕು ಮಂದಿ. ಆ ಮುದುಕಿಯ ಎದುರು ನಿಂತು ಹೇಗೆ ಹೇಳುವುದು?

ಅವನು ಬಾಯಿ ತೆರೆಯುವ ಮೊದಲೇ ಮಧ್ಯಾಹ್ನ ಅಜ್ಜಿ ಪೊರಕೆ ಹಿಡಿದು ಬಂದು ನಿಂತಳು.

“ಡರೆಲ್, ಚಪ್ಪರದ ಹಿಂದೆ ಇರುವೆಗಳ ಮದುವೆ ನಡೀತಿದೆ. ಏನು ಚೆಲ್ಲಿದ್ರಿ?”

ಕೆಂಪಿರುವೆಗಳು ಬೇಲಿಯಾಚೆಯಿಂದ ಹಗ್ಗದಂತೆ ಸಾಲು ಹಿಡಿದು ಬಂದಿದ್ದವು. ಅವಕ್ಕೆ ಆಸ್ಪತ್ರೆಯ ಗೋಡೆಯ ಮೇಲಿನ ಚಿತ್ರ ಓದಲು ಬರುವುದಿಲ್ಲ.

“ನಿನ್ನ ಕೆಂಪು ನೀರು ಅಜ್ಜಿ.”

“ಯಾಕೆ?”

ಅವನು ಪುಸ್ತಕ ಚಾಚಿದ. ಅಜ್ಜಿ ಕಣ್ಣು ಕಿರಿದು ಮಾಡಿ, ಸೌತೆಬೀಜದಂಥ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಇದು ಕುಡಿದ ದಿನ?”

“ಹೂಂ.”

“ಇದು ಚೆಲ್ಲಿದ ದಿನ?”

“ಹೂಂ. ಅಜ್ಜಿ, ನಿಂದು ತಪ್ಪಲ್ಲ. ಆ ಗೋಡೆ ಮೇಲೆ ಬರ್ದಿರೋರು…”

“ಗೋಡೆ ಬಿಡು. ದಿನಕ್ಕೆ ಮೂರು ಲೋಟ. ನಾಲ್ಕು ವಾರದ ಮೇಲಾಯ್ತು. ನನ್ನ ಕೈಯಾರೆ.”

ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಊರಿನ, ಆಸ್ಪತ್ರೆಯ, ಸರ್ಕಾರದ ಮೇಲೆಲ್ಲ ಸಿಟ್ಟು ಕೂಡಿಟ್ಟಿದ್ದ ಡರೆಲ್‌ಗೆ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ, ಕೊಡಲಿ ತೆಗೆದುಕೊಂಡು ಸಂಜೆಯವರೆಗೆ ಸೌದೆ ಸೀಳಿದ.

ರಾತ್ರಿಯ ಊಟಕ್ಕೆ ಅಜ್ಜಿ ತಾನೇ ಬಾಯಿ ಬಿಟ್ಟಳು. “ಮೋನಾ, ಕಳ್ಳಿ ಸಿಕ್ಕಿದ್ಲು. ನಾನೇ.”

“ಅಮ್ಮ, ಸುಮ್ನಿರು. ನೀನು ಇವನನ್ನ ಉಳಿಸೋಕೆ ನೋಡ್ಬೇಡ.”

“ಇವನನ್ನ ಯಾಕೆ ಉಳಿಸ್ಲಿ? ಇವನೇ ನಿಮ್ಮಪ್ಪನನ್ನ ಉಳಿಸಿದ್ದು. ಈ ಪುಸ್ತಕ ಓದು.”

ಮೋನಾ ಓದಿದಳು. ಇನ್ನೊಮ್ಮೆ ಓದಿದಳು. ತನ್ನ ತಟ್ಟೆಯ ಪಕ್ಕದ ಕೆಂಪು ಲೋಟವನ್ನು, ಅದು ತಾನಾಗಿ ಹತ್ತಿರ ಬರುತ್ತದೇನೋ ಎಂಬಂತೆ, ಎರಡು ಬೆರಳಿನಿಂದ ಆಚೆಗೆ ನೂಕಿದಳು. ಆಮೇಲೆ ಮಗನ ಕಡೆ ತಿರುಗಿ, “ಇನ್ನೊಂಚೂರು ಕಾಳು ಹಾಕ್ಲಾ?” ಎಂದಳು.

“ಕಾಳು ಬೇಡ. ಮಾತು ಬೇಕು.”

“ಯಾವ ಮಾತು?”

“ನೀನೇ ಹುಡುಕ್ಕೊ.”

“ನಂಗೂ ಒಂದು ಬಡಿಸು,” ಎಂದ ತಾತ ಗೋಡೆಯ ಕಡೆಯಿಂದ.

ಮೋನಾಳ ಬಾಯಿಗೆ ಆ ಮಾತು ಅಂದು ಬರಲಿಲ್ಲ. ಇನ್ನೂರು ಮಕ್ಕಳನ್ನು ಗದರುವ ನಾಲಗೆ ಅಷ್ಟು ಬೇಗ ಮಡಚುವಂಥದ್ದಲ್ಲ.

ಗುರುವಾರ ಗಾಯ ತೋರಿಸಲು ಹೋದಾಗ ಅಜ್ಜಿ ಒಂದು ಬಾಟಲಿ ಪಾಕವನ್ನು ಮಗುವನ್ನು ಅವುಚಿಕೊಳ್ಳುವಂತೆ ಎದೆಗೆ ಅವುಚಿಕೊಂಡು ಹೋಗಿ ನರ್ಸ್ ಫಿಲೋಮೀನಾಳ ಮೇಜಿನ ಮೇಲೆ ಕುಕ್ಕಿದಳು. ಫಿಲೋಮೀನಾ ಪಕ್ಕದ ಹಳ್ಳಿಯ ಹುಡುಗಿ, ದೂರದ ನಂಟು.

“ಇದು ಔಷಧೀನಾ ವಿಷಾನಾ, ಹೇಳು.”

“ಎರಡೂ ಅಲ್ಲ ಅತ್ತೆ, ಪಾಕ. ಇದನ್ನ ಮಾವನಿಗೆ ಕೊಡ್ತಿದ್ರಾ?”

“ದಿನಕ್ಕೆ ಮೂರು ಲೋಟ.”

ಫಿಲೋಮೀನಾ ಹಣೆಗೆ ಕೈ ಹಚ್ಚಿದಳು. “ಹಣ್ಣು ಹಣ್ಣಾಗಿ ತಿಂದ್ರೆ ನಾರಿದೆ, ಬೀಜ ಇದೆ, ಒಂದು ಹಿಡಿಗೆ ಹೊಟ್ಟೆ ತುಂಬುತ್ತೆ. ನೀವು ನಾರೂ ಬೀಜಾನೂ ಸೋಸಿ ಆಚೆ ಹಾಕಿ, ಒಂದು ಬಕೆಟ್ ಹಣ್ಣನ್ನ ಒಂದು ಬಾಟ್ಲಿಗೆ ಇಳಿಸಿದ್ದೀರ. ಉಳಿದಿದ್ದು ಬರೀ ಸಿಹಿ.”

“ಹಾಗಂತ ಗೋಡೆ ಮೇಲೆ ಯಾಕೆ ಬರೆದಿಲ್ಲ? ಹಣ್ಣಿನ ಚಿತ್ರ ಹಾಕಿ ಔಷಧಿ ಅಂತ ಬರ್ದ್ರೆ ನನ್ನಂಥ ಮುದುಕಿ ಏನಂದ್ಕೋಬೇಕು?”

ಫಿಲೋಮೀನಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಸೋಡಾ ಕುಡೀತೀರಾ ಅಂತ ಎಲ್ಲರನ್ನೂ ಕೇಳ್ತೀನಿ ಅತ್ತೆ. ಪಾಕ ಕುಡೀತೀರಾ ಅಂತ ಒಬ್ಬರನ್ನೂ ಕೇಳಿಲ್ಲ. ನಮ್ಮಪ್ಪನೂ ದಿನಾ ಕುಡೀತಾನೆ. ಕಲಸಿ ಕೊಡೋಳು ನಾನೇ.”

ಅಜ್ಜಿ ಐದು ದಿನದಲ್ಲಿ ಮೊದಲ ಸಲ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಸದ್ಯ! ನಾನೊಬ್ಬಳೇ ಪೆದ್ದಿ ಅಂದ್ಕೊಂಡಿದ್ದೆ.” ಫಿಲೋಮೀನಾಳ ಪೆನ್ನು ಕಸಿದುಕೊಂಡು ಹೊರಗೆ ಹೋಗಿ, ಗೋಡೆಯ ಚಿತ್ರದಲ್ಲಿ ಹಣ್ಣಿನ ಕೆಳಗೆ ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು: “ಹಣ್ಣು ಒಂದು ಹಿಡಿ. ಪಾಕ ಹಬ್ಬಕ್ಕೆ ಒಂದು ಚಮಚ. — ಲಾರಿಟಾ.” ಯಾರೂ ಅವಳನ್ನು ತಡೆಯಲಿಲ್ಲ.

ಮನೆಗೆ ಬರುವಾಗ ಕಿಟಕಿಯಾಚೆ ಬೆಟ್ಟದ ಮೇಲಿನ ಕಂಬಗಳ್ಳಿಗಳನ್ನು ನೋಡುತ್ತ ಹೇಳಿದಳು: “ನಮ್ಮಮ್ಮ ವರ್ಷಕ್ಕೆ ಒಂದು ಗಡಿಗೆ ಪಾಕ ಮಾಡೋಳು. ಎಂಟು ಮಕ್ಕಳಿಗೆ. ಬೆಳಗಿನ ಜಾವ ಹೊರಟು ಬೆಟ್ಟ ಹತ್ತಿ, ಬುಟ್ಟಿ ತಲೆ ಮೇಲೆ ಹೊತ್ಕೊಂಡು ಇಳಿಯೋಳು. ನಾನು ಈ ಸಲ ಹನ್ನೊಂದು ಬಾಟ್ಲಿ ಮಾಡ್ದೆ. ಪಿಕಪ್ ಗಾಡಿ, ಗ್ಯಾಸ್ ಒಲೆ. ಅಮ್ಮನ ಪಾಕ ತಂದೆ, ಅಮ್ಮನ ನಡಿಗೆ ತರ್ಲಿಲ್ಲ.”

“ಉಳಿದ ಬಾಟ್ಲಿ ಏನು ಮಾಡ್ತೀಯ ಅಜ್ಜಿ?”

“ಸತ್ತವರ ಹಬ್ಬಕ್ಕೆ ಇಡ್ತೀನಿ. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ.”

ಅಂದಿನಿಂದ ಅಜ್ಜಿ ಸಂಜೆ ಮೋನಾ ಬಂದ ಕೂಡಲೇ ಅವಳ ಕೈ ಹಿಡಿದು ಚೆಂಡಾಟದ ಮೈದಾನದ ಸುತ್ತ ನಡೆಯತೊಡಗಿದಳು. ಮೊದಲ ದಿನ ಎರಡು ಸುತ್ತು, ಒಂದು ವಾರಕ್ಕೆ ಆರು. ನಡೆಯುತ್ತ ಜಗಳವಾಡುತ್ತಿದ್ದರು, ಜಗಳ ಮುಗಿಯದಿದ್ದರೆ ಇನ್ನೊಂದು ಸುತ್ತು. ಮುಖ ತಿರುವಿಕೊಂಡಿದ್ದ ಎಲ್ವೀರಾ ಮೂರನೆಯ ದಿನ ಏನೂ ಆಗದವಳಂತೆ ಬಂದು ಸೇರಿಕೊಂಡಳು. ಲೋಟದಲ್ಲಿ ಈಗ ಬರೀ ನೀರು.

ತಾತ ನಡೆಯುವಂತಿರಲಿಲ್ಲ. ಆದರೆ ಕೈಗೆ ಡಾಕ್ಟರು ಬೂಟು ಹಾಕಿರಲಿಲ್ಲವಲ್ಲ. ಮಳೆಗಾಲದಲ್ಲಿ ಮನೆಯ ಹಿಂದೆ ಹಾಕಿದ್ದ ಬವಿ ಕಾಳಿನ ಗಿಡ ಒಣಗಿ ನಿಂತಿತ್ತು. ಡರೆಲ್ ಅದನ್ನೆಲ್ಲ ಕಿತ್ತು ತಂದು ಟಾರ್ಪಾಲಿನ ಮೇಲೆ ರಾಶಿ ಹಾಕಿ, ತಾತನ ಕುರ್ಚಿಯನ್ನು ಅದರ ಅಂಚಿಗೆಳೆದು ಕೈಗೊಂದು ಕೋಲು ಕೊಟ್ಟ.

“ಬಡಿ.”

“ಯಾರನ್ನ?”

“ಯಾರ ಮೇಲೆ ಸಿಟ್ಟಿದೆಯೋ ಅವರನ್ನ.”

ತಾತ ಬಡಿದ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಅಂಗಿಯ ಬೆನ್ನು ಒದ್ದೆಯಾಗುವವರೆಗೆ ಬಡಿದ. “ಇದು ಮೈದಾಗೆ! ಇದು ಸೋಡಾಗೆ! ಇದು ಮೋನಾಗೆ!” ಒಳಗಿನಿಂದ ಮೋನಾ, “ಕೇಳಿಸ್ತು!” ಎನ್ನುತ್ತಿದ್ದಳು. ಡರೆಲ್ ಎದುರಿಗೆ ಕೂತು ಹೊಟ್ಟು ತೂರುತ್ತಿದ್ದ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ಆದರೆ ಕೈಗೆ ಕೆಲಸವಿದ್ದರೆ ಅದು ಹೊಟ್ಟು ತೂರುವಷ್ಟು ಉಪಯೋಗಕ್ಕೆ ಬರುತ್ತಿತ್ತು.

ಇನ್ನೂರ ಇಪ್ಪತ್ತು. ನೂರ ಎಂಬತ್ತೇಳು. ಒಂದು ದಿನ ಇನ್ನೂರ ಐದಕ್ಕೆ ಹಾರಿತು. ತಾತನಿಗೆ ನೆಗಡಿಯಾಗಿತ್ತು, ಇಳಿಯಿತು. ನೂರ ಅರವತ್ತಮೂರು. ಏಳನೆಯ ವಾರದ ಮಂಗಳವಾರ ಮೋನಾ ಕೆಲಸಕ್ಕೆ ಹೊರಡುವ ಅವಸರದಲ್ಲಿ ಯಂತ್ರದ ಮೇಲೆ ಕಣ್ಣು ಹಾಯಿಸಿ, ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ನೂರ ನಲವತ್ತಾರು.

ಅವಳು ತಾತನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಅಪ್ಪ, ನೀನು ಸುಳ್ಳು ಹೇಳಿರ್ಲಿಲ್ಲ.”

“ಜೋರಾಗಿ ಹೇಳು. ಕಿವಿಗೂ ಸಕ್ಕರೆ ಹತ್ತಿದೆ.”

“ಸುಳ್ಳು ಹೇಳಿರ್ಲಿಲ್ಲ! ನಾನು ನಿನ್ನನ್ನ ಆಮೋಸ್ ಚಿಕ್ಕಪ್ಪನ ಜೊತೆ ಸೇರಿಸಿ ಹೂತುಬಿಟ್ಟಿದ್ದೆ. ಹೆದರಿದ್ದೆ ಅಪ್ಪ.” ಆಮೇಲೆ ತಲೆಯೆತ್ತದೆ, “ಲೋ ಡರೆಲ್, ನೀನೂ ಹೇಳಿರ್ಲಿಲ್ಲ,” ಎಂದಳು.

“ಅಷ್ಟೇನಾ?”

“ಶಾಲೆಗೆ ತಡವಾಯ್ತು ನಂಗೆ. ಅಷ್ಟೇ.”

ಅವನಿಗೆ ಅಷ್ಟು ಸಾಕಾಯಿತು.

ಎಂಟನೆಯ ವಾರ ನಾಲ್ವರೂ ಹೋದರು. ಡಾಕ್ಟರು ಬಟ್ಟೆ ಬಿಚ್ಚಿ, ಕಾಗದದ ಅಳತೆಪಟ್ಟಿ ಇಟ್ಟು, ದೀಪ ಹತ್ತಿರಕ್ಕೆಳೆದು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಅಜ್ಜಿ ಮೋನಾಳ ಮಣಿಕಟ್ಟನ್ನು ಉಗುರು ಮೂಡುವಂತೆ ಹಿಡಿದುಕೊಂಡಿದ್ದಳು.

“ಮುಚ್ಚಿದೆ. ತೊಗರಿಬೇಳೆಯಷ್ಟು ಉಳಿದಿದೆ, ಅದೂ ಒಣಗ್ತಿದೆ. ಇನ್ನೆರಡು ವಾರ ಬೂಟು ಇರ್ಲಿ. ದಿನಾ ಪಾದ ನೋಡ್ಕೊಳ್ಳಿ, ಬೂಟೊಳಗೆ ಕೈ ಹಾಕಿ ನೋಡದೆ ಕಾಲು ಹಾಕ್ಬೇಡಿ. ಏನು ಮಾಡಿದ್ರಿ ನೀವು?”

ಎಲ್ಲಿಂದ ಶುರು ಮಾಡುವುದು?

ಹೊರಗೆ ಗಾಡಿಯ ಹತ್ತಿರ ಬರುತ್ತಿದ್ದಂತೆ ತಾತ, “ನಿಲ್ಲಿ. ಒಳಗೆ ಸರಿಯಾಗಿ ನೋಡೋಕಾಗ್ಲಿಲ್ಲ,” ಎಂದು ಹಿಂದಿನ ಹಲಗೆಯ ಮೇಲೆ ಕೂತು ಬೂಟಿನ ಪಟ್ಟಿ ಕಿತ್ತ. ಬಿಸಿಲಿನಲ್ಲಿ ನಾಲ್ಕು ತಲೆಗಳು ಬಗ್ಗಿದವು. ಅರ್ಧ ಉಗುರು ಹೋದ, ಸೊಟ್ಟಗೆ ತಿರುಗಿದ, ನೇರಳೆ ಬಣ್ಣದ ಹೆಬ್ಬೆಟ್ಟು. ಪಕ್ಕದಲ್ಲಿ ಇಲಿಮರಿಯಂಥ ಗುಲಾಬಿ ಚರ್ಮ.

“ಅಯ್ಯೋ, ಈ ಕುರೂಪಿಗಾಗಿ ನಾನು ಎರಡು ತಿಂಗಳು ಅತ್ತೆನಾ?” ಎಂದಳು ಅಜ್ಜಿ.

“ನಲವತ್ತು ವರ್ಷ ಇದರ ಪಕ್ಕದಲ್ಲೇ ಮಲಗಿದ್ಯಲ್ಲ, ಈಗ ಕಂಡ್ತಾ?” ತಾತ ಕಾಲನ್ನು ಮೊಮ್ಮಗನ ಕಡೆ ಚಾಚಿದ. “ಡರೆಲ್, ಒತ್ತು. ಗಾಯದ ಮೇಲಲ್ಲ, ತುದೀಲಿ.”

ಡರೆಲ್ ಹೆದರಿ ಹೆದರಿ ಎರಡು ಬೆರಳಿನಲ್ಲಿ ಒತ್ತಿದ. “ಗೊತ್ತಾಗುತ್ತಾ ತಾತ?”

ತಾತ ಕಣ್ಣು ಮುಚ್ಚಿ ಗಮನವಿಟ್ಟು ಕಾದ.

“ಏನೂ ಗೊತ್ತಾಗಲ್ಲ,” ಎಂದ. “ಬೆರಳು ಇದೆ, ಅಷ್ಟೇ. ನಡೀರಿ, ಹಸಿವಾಗ್ತಿದೆ.”